ಕಡಿವಾಣ ಹಾಕುವ ಮುನ್ನ: ಒಂದು ನುಡಿಗಟ್ಟಿನ ಅರ್ಥ ಮತ್ತು ಬಳಕೆ

ಬೆಲೆ ಏರಿಕೆಗೆ ಕಡಿವಾಣ, ದುಂದುವೆಚ್ಚಕ್ಕೆ ಕಡಿವಾಣ, ಅಕ್ರಮಕ್ಕೆ ಕಡಿವಾಣ, ಸೊಳ್ಳೆಕಾಟಕ್ಕೆ ಕಡಿವಾಣ. ತಲೆಬರಹಗಳಲ್ಲಿ ಈ ಮಾತು ಎಷ್ಟು ಸಲ ಬರುತ್ತದೆಂದರೆ, ಅದರೊಳಗೆ ಒಂದು ಕುದುರೆ ಇದೆ ಎಂಬುದೇ ನಮಗೆ ಮರೆತುಹೋಗಿದೆ. ವರದಿಯಿರಲಿ, ಭಾಷಣವಿರಲಿ, ಪ್ರಬಂಧವಿರಲಿ, ‘ಇದನ್ನು ತಡೆಯಬೇಕು’ ಎಂದು ಬರೆಯಬೇಕಾದಾಗ ಕೈಗೆ ಮೊದಲು ಸಿಗುವ ಮಾತು ಇದೇ. ತಡೆಯುವುದಕ್ಕೆ ಬೇಲಿ ಇದೆ, ಗೋಡೆ ಇದೆ, ಬೀಗ ಇದೆ. ಕಡಿವಾಣದ ಕೆಲಸ ಬೇರೆ. ಅದು ಓಡುವ ಪ್ರಾಣಿಯ ಬಾಯಲ್ಲಿರುತ್ತದೆ. ಅದನ್ನು ಹಿಡಿದ ಸವಾರನಿಗೆ ಕುದುರೆ ಓಡಲೇಬೇಕು, ಆದರೆ ತಾನು ಹೇಳಿದ ದಿಕ್ಕಿನಲ್ಲಿ, ತಾನು ಹೇಳಿದ ವೇಗದಲ್ಲಿ ಓಡಬೇಕು. ಇದೊಂದು ಗಮನದಲ್ಲಿದ್ದರೆ ನುಡಿಗಟ್ಟನ್ನು ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು ಎಂಬುದು ಬಹುಮಟ್ಟಿಗೆ ತಾನಾಗಿಯೇ ಹೊಳೆಯುತ್ತದೆ. ಉಳಿದದ್ದಕ್ಕೆ ಈ ಮಾರ್ಗದರ್ಶಿ.

ಮೊದಲ ಹೆಜ್ಜೆ: ಕುದುರೆಯ ಬಾಯನ್ನೊಮ್ಮೆ ನೋಡಿ

ರೂಪಕವೊಂದನ್ನು ಬಳಸುವವರು ಅದರ ಮೂಲ ವಸ್ತುವನ್ನು ಕಂಡಿರಬೇಕು, ಕಾಣದಿದ್ದರೆ ಅದು ಹೇಗೆ ಕೆಲಸ ಮಾಡುತ್ತದೆಂದಾದರೂ ತಿಳಿದಿರಬೇಕು ಎಂಬುದು ನನ್ನ ನಂಬಿಕೆ. ಹಾಗಾಗಿ ವ್ಯಾಕರಣಕ್ಕಿಂತ ಮೊದಲು ಕುದುರೆ.

ಕುದುರೆಯ ಬಾಯಲ್ಲಿ ಮುಂದಿನ ಬಾಚಿಹಲ್ಲುಗಳಿಗೂ ಹಿಂದಿನ ದವಡೆಹಲ್ಲುಗಳಿಗೂ ನಡುವೆ ಒಂದು ಬಿಡುವು ಇರುತ್ತದೆ. ಬರಿಯ ಒಸಡಿರುವ ಆ ಜಾಗದಲ್ಲಿ, ನಾಲಿಗೆಯ ಮೇಲೆ ಅಡ್ಡಲಾಗಿ ಕೂರುವ ಲೋಹದ ತುಂಡೇ ಕಡಿವಾಣ. ‘ಕಡಿ’ ಎಂದರೆ ಕಚ್ಚು. ಕುದುರೆ ಕಚ್ಚಿಕೊಳ್ಳುವ ವಸ್ತು ಎಂಬ ಭಾವ ಹೆಸರಲ್ಲೇ ಇದೆ. ತಮಿಳಿನ ಕಡಿವಾಳಂ, ಮಲಯಾಳದ ಕಡಿಞ್ಞಾಣ್ ಇದರ ಬಳಗದವೇ. ಕಡಿವಾಣದ ಎರಡು ತುದಿಗಳಲ್ಲಿ ಬಳೆಗಳಿರುತ್ತವೆ. ಆ ಬಳೆಗಳಿಂದ ಹೊರಟು ಸವಾರನ ಕೈ ಸೇರುವ ತೊಗಲಿನ ಪಟ್ಟಿಯೇ ಲಗಾಮು. ಲಗಾಮು ಪಾರಸಿಯಿಂದ ಬಂದ ಮಾತು. ಹಳೆಯ ಕಾವ್ಯಗಳಲ್ಲಿ ಇದಕ್ಕೆ ವಾಘೆ ಎಂಬ ಹೆಸರಿದೆ. ಇವೆರಡನ್ನೂ ಕುದುರೆಯ ತಲೆಗೆ ಹೊಂದಿಸಿ ಹಿಡಿಯುವ ಪಟ್ಟಿಗಳೂ ಉಂಟು, ಆದರೆ ನಮ್ಮ ನುಡಿಗಟ್ಟಿಗೆ ಅವು ಬೇಕಿಲ್ಲ.

ಅಂದರೆ ಕಡಿವಾಣ ಕುದುರೆಯ ಬಾಯಲ್ಲಿ, ಲಗಾಮು ಸವಾರನ ಕೈಯಲ್ಲಿ. ದಿನಬಳಕೆಯಲ್ಲಿ ಎರಡನ್ನೂ ಒಂದೇ ಅರ್ಥದಲ್ಲಿ ಹೇಳುತ್ತೇವೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಅಂತರ ಮುಂದೆ ಕ್ರಿಯಾಪದ ಆರಿಸುವಾಗ ಕೆಲಸಕ್ಕೆ ಬರುತ್ತದೆ.

ಇನ್ನು ಸವಾರಿಯ ವಿಷಯ. ಕುದುರೆ ಸಾಮಾನ್ಯವಾಗಿ 400ರಿಂದ 600 ಕಿಲೋ ತೂಗುತ್ತದೆ. ನಡಿಗೆಯಲ್ಲಿ ಗಂಟೆಗೆ ಸುಮಾರು 6 ಕಿಲೋಮೀಟರ್ ಸಾಗುವ ಇದು ನಾಗಾಲೋಟಕ್ಕೆ ಬಿದ್ದರೆ 40 ಕಿಲೋಮೀಟರ್ ದಾಟುತ್ತದೆ. ಬಲದ ಲೆಕ್ಕದಲ್ಲಿ ಸವಾರ ಅದಕ್ಕೆ ಯಾವ ರೀತಿಯಲ್ಲೂ ಸಾಟಿಯಲ್ಲ. ಸತತವಾಗಿ ಜಗ್ಗುತ್ತ ಕೂತರೆ ಕುದುರೆ ಆ ಎಳೆತದ ಮೇಲೇ ಭಾರ ಹಾಕಿ ಎದುರು ಜಗ್ಗಲು ಕಲಿಯುತ್ತದೆ; ಬರಬರುತ್ತ ಬಾಯಿ ಮರಗಟ್ಟಿ ಸಣ್ಣ ಸೂಚನೆಗಳು ಅದಕ್ಕೆ ತಾಗುವುದೇ ಇಲ್ಲ. ಬಲ್ಲ ಸವಾರ ಲಗಾಮನ್ನು ಕ್ಷಣಕಾಲ ಬಿಗಿಹಿಡಿದು, ಕುದುರೆ ಒಪ್ಪಿದ ಕೂಡಲೇ ಸಡಿಲಿಸುತ್ತಾನೆ. ಕುದುರೆ ಕಲಿಯುವುದು ಆ ಸಡಿಲಿಕೆಯಿಂದ. ತಾನು ಮಾಡಿದ್ದು ಸರಿ ಎಂದು ಅದಕ್ಕೆ ತಿಳಿಯುವುದು ಬಾಯಿಯ ಒತ್ತಡ ಇಳಿದಾಗಲೇ. ಬೆದರಿ ಕಿತ್ತುಕೊಂಡು ಓಡುವ ಕುದುರೆಯನ್ನೂ ನೇರವಾಗಿ ಹಿಂದಕ್ಕೆ ಜಗ್ಗಿ ನಿಲ್ಲಿಸುವುದು ಕಷ್ಟ; ಜಾಗವಿದ್ದರೆ ಅನುಭವಸ್ಥರು ಅದನ್ನು ವೃತ್ತದಲ್ಲಿ ತಿರುಗಿಸಿ, ವೃತ್ತವನ್ನು ಕಿರಿದಾಗಿಸುತ್ತ ವೇಗ ಇಳಿಸುತ್ತಾರೆ. ಸುಮಾರು 2,400 ವರ್ಷಗಳ ಹಿಂದೆ ಗ್ರೀಸಿನಲ್ಲಿ ಕುದುರೆ ಸವಾರಿಯ ಬಗ್ಗೆ ಬರೆದ ಕ್ಸೆನೊಫೋನ್ ಕೂಡ ಬಾಯನ್ನು ಒರಟಾಗಿ ಜಗ್ಗಬಾರದು, ಕುದುರೆ ಮಾತು ಕೇಳಿದಾಗ ಕೈ ಸಡಿಲಿಸಬೇಕು ಎಂದೇ ಹೇಳಿದ್ದಾನೆ.

ಬಿಗಿ, ಸಡಿಲು, ಮತ್ತೆ ಬಿಗಿ. ಕಡಿವಾಣದ ಕೆಲಸವೆಂದರೆ ಇದು. ನುಡಿಗಟ್ಟಿನ ಅರ್ಥವೂ ಇಲ್ಲೇ ಹುಟ್ಟುತ್ತದೆ.

ಎರಡನೆಯ ಹೆಜ್ಜೆ: ಓಡುತ್ತಿರುವುದು ಯಾವುದು, ಅದು ಉಳಿಯಬೇಕೇ?

ಇಡೀ ಲೇಖನದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿ. ‘ಕಡಿವಾಣ’ ಎಂದು ಬರೆಯುವ ಮುಂಚೆ ಯಾವುದಕ್ಕೆ ಹಾಕುತ್ತಿದ್ದೀರೋ ಅದರ ಬಗ್ಗೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಅದಕ್ಕೆ ತನ್ನದೇ ಓಟ ಇದೆಯೇ? ಕಡಿವಾಣ ಬಿದ್ದ ಮೇಲೂ ಅದು ಇರಬೇಕೆಂದು ನೀವು ಬಯಸುತ್ತೀರಾ?

ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ನುಡಿಗಟ್ಟು ಹೇಳಿ ಮಾಡಿಸಿದಂತೆ ಕೂರುತ್ತದೆ. ಖರ್ಚನ್ನೇ ತೆಗೆದುಕೊಳ್ಳಿ. ಖರ್ಚು ಇಲ್ಲದೆ ಸಂಸಾರ ನಡೆಯುವುದಿಲ್ಲ, ಆದರೆ ಬಿಟ್ಟರೆ ಅದು ಓಡುತ್ತಲೇ ಹೋಗುತ್ತದೆ. ‘ಖರ್ಚಿಗೆ ಕಡಿವಾಣ ಹಾಕಬೇಕು’ ಎಂದಾಗ ಖರ್ಚನ್ನು ನಿಲ್ಲಿಸಿ ಎಂದು ಯಾರೂ ತಿಳಿಯುವುದಿಲ್ಲ, ಹದದಲ್ಲಿಡಿ ಎಂದೇ ತಿಳಿಯುತ್ತಾರೆ. ಆಸೆಯೂ ಹಾಗೆಯೇ. ವಾಹನದ ವೇಗಕ್ಕಂತೂ ಈ ಮಾತು ಇನ್ನಷ್ಟು ಸಹಜ, ಏಕೆಂದರೆ ಮೂಲದಲ್ಲಿ ಕಡಿವಾಣ ವೇಗಕ್ಕೇ ಸೇರಿದ್ದು. ಬೆಲೆಗೂ ಒಪ್ಪುತ್ತದೆ: ಬೆಲೆ ಏರುವುದು ಇದ್ದದ್ದೇ, ನಾಗಾಲೋಟ ಬೇಡ ಅಷ್ಟೆ. ‘ನಾಗಾಲೋಟದಲ್ಲಿದ್ದ ಬೆಲೆಗೆ ಕಡಿವಾಣ ಬಿತ್ತು’ ಎಂಬ ವಾಕ್ಯದಲ್ಲಿ ಓಟವೂ ಕಡಿವಾಣವೂ ಒಂದೇ ಕುದುರೆಯವು. ಇಂಥ ಹೊಂದಿಕೆ ಸಿಕ್ಕರೆ ಬಿಡಬೇಡಿ.

ನಾಲಿಗೆಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ‘ನಾಲಿಗೆಗೆ ಕಡಿವಾಣವಿರಲಿ’ ಎಂಬುದು ಕನ್ನಡದ ಬಲು ಚಂದದ ಬಳಕೆ. ಕಡಿವಾಣ ಕೂರುವುದು ನಿಜಕ್ಕೂ ನಾಲಿಗೆಯ ಮೇಲೆ, ಹಾಗಾಗಿ ಇಲ್ಲಿ ರೂಪಕಕ್ಕೂ ವಸ್ತುವಿಗೂ ಅಂತರವೇ ಇಲ್ಲ. ಜೊತೆಗೆ ಇದು ‘ಬಾಯಿಗೆ ಬೀಗ ಹಾಕು’ ಎಂಬುದಕ್ಕಿಂತ ಬೇರೆ. ಬೀಗ ಹಾಕಿದ ಬಾಯಿಂದ ಮಾತೇ ಹೊರಡದು. ಕಡಿವಾಣವಿರುವ ನಾಲಿಗೆ ಮಾತಾಡುತ್ತದೆ, ಆದರೆ ತೂಗಿ ಆಡುತ್ತದೆ. ಯಾರನ್ನಾದರೂ ಸುಮ್ಮನಿರಲು ಹೇಳಬೇಕೋ ಎಚ್ಚರದಿಂದ ಮಾತಾಡಲು ಹೇಳಬೇಕೋ ಎಂಬುದನ್ನು ತೀರ್ಮಾನಿಸಿಕೊಂಡು ಈ ಎರಡರಲ್ಲಿ ಒಂದನ್ನು ಆರಿಸಿ.

ಈಗ ಒಪ್ಪದ ಕಡೆಗಳು. ‘ಭ್ರಷ್ಟಾಚಾರಕ್ಕೆ ಕಡಿವಾಣ’ ಎಂಬುದು ತೀರ ಸಾಮಾನ್ಯವಾದ ಮಾತು, ನಿಘಂಟಿನ ದೃಷ್ಟಿಯಿಂದ ತಪ್ಪೂ ಅಲ್ಲ. ಆದರೂ ನನಗೆ ಅದು ಪ್ರತಿಸಲ ಚುಚ್ಚುತ್ತದೆ. ಲಂಚ ಹದದಲ್ಲಿ ನಡೆಯಲಿ ಎಂದು ಯಾರೂ ಬಯಸುವುದಿಲ್ಲವಲ್ಲ! ಅದನ್ನು ಕೊನೆಗಾಣಿಸಬೇಕು, ಬೇರುಸಹಿತ ಕೀಳಬೇಕು, ಮಟ್ಟಹಾಕಬೇಕು. ಬಾಲ್ಯವಿವಾಹಕ್ಕೆ ಕಡಿವಾಣ, ಮಕ್ಕಳ ಸಾಗಣೆಗೆ ಕಡಿವಾಣ, ಜಾತಿ ದೌರ್ಜನ್ಯಕ್ಕೆ ಕಡಿವಾಣ ಎಂದೆಲ್ಲ ಓದಿದಾಗ ಇನ್ನೂ ಸಂಕಟವಾಗುತ್ತದೆ. ಇವು ಒಂದಿಷ್ಟೂ ಉಳಿಯಬಾರದ ಪಿಡುಗುಗಳು. ಅವುಗಳ ಪಕ್ಕದಲ್ಲಿ ಕಡಿವಾಣ ಎಂಬ ಪದ ಇಟ್ಟಾಗ, ಬರೆದವರ ಮನಸ್ಸಿನಲ್ಲಿ ಇಲ್ಲದ ಒಂದು ರಾಜಿ ವಾಕ್ಯದೊಳಗೆ ಬಂದು ಕೂರುತ್ತದೆ. ‘ನಿರ್ಮೂಲನೆ’, ‘ಅಂತ್ಯ’, ‘ತಡೆ’, ‘ಕೊನೆ’ ಎಂಬ ಮಾತುಗಳು ನಮ್ಮಲ್ಲಿರುವುದೇ ಇಂಥ ಕಡೆಗೆ. ಅಕ್ರಮ ಮರಳು ಸಾಗಣೆಯ ವಿಷಯದಲ್ಲೂ ಅಷ್ಟೆ: ಮರಳು ತೆಗೆಯುವುದಕ್ಕೆ ಕಡಿವಾಣ ಬೇಕು, ಅಕ್ರಮವಾಗಿ ಸಾಗಿಸುವುದು ನಿಲ್ಲಬೇಕು.

ಓಟವೇ ಇಲ್ಲದವುಗಳದ್ದು ಇನ್ನೊಂದು ಗುಂಪು. ಕಸದ ರಾಶಿಗೆ ಕಡಿವಾಣ, ರಸ್ತೆ ಗುಂಡಿಗಳಿಗೆ ಕಡಿವಾಣ ಎಂಬುವು ಕಣ್ಣಿಗೆ ಕಟ್ಟುವುದಿಲ್ಲ. ರಾಶಿ ಬಿದ್ದಲ್ಲೇ ಬಿದ್ದಿರುತ್ತದೆ, ಗುಂಡಿ ಇದ್ದಲ್ಲೇ ಇರುತ್ತದೆ. ಕಸ ತೆಗೆಸಬೇಕು, ಗುಂಡಿ ಮುಚ್ಚಬೇಕು. ನೇರವಾದ ಕ್ರಿಯಾಪದ ಸಿಗುವಲ್ಲಿ ಅದನ್ನೇ ಬಳಸಿ. ಸೊಳ್ಳೆಗೂ ಅಷ್ಟೆ, ಸೊಳ್ಳೆಯ ಬಾಯಿಗೆ ಯಾರೂ ಕಡಿವಾಣ ತೊಡಿಸಲಾರರು.

ನೀರು ಮತ್ತು ಬೆಂಕಿ ಓಡುತ್ತವೆ, ನಿಜ. ಆದರೆ ಅವಕ್ಕೆ ಕನ್ನಡದಲ್ಲಿ ಅವುಗಳದೇ ಮಾತುಗಳಿವೆ. ಪ್ರವಾಹಕ್ಕೆ ಒಡ್ಡು ಕಟ್ಟುತ್ತೇವೆ, ಬೆಂಕಿಯನ್ನು ನಂದಿಸುತ್ತೇವೆ ಅಥವಾ ಹತೋಟಿಗೆ ತರುತ್ತೇವೆ. ‘ಅಸಮಾಧಾನದ ಬೆಂಕಿಗೆ ಕಡಿವಾಣ’ ಎಂದು ಬರೆದರೆ ಎರಡು ಚಿತ್ರಗಳು ಒಂದರ ಮೇಲೊಂದು ಬಿದ್ದು ಎರಡೂ ಕಾಣದಂತಾಗುತ್ತವೆ.

ಬೇಡ ಎನ್ನುವುದಕ್ಕೂ ಈ ನುಡಿಗಟ್ಟು ಚೆನ್ನಾಗಿ ದುಡಿಯುತ್ತದೆ ಎಂಬುದನ್ನು ಮರೆಯಬಾರದು. ‘ಮಕ್ಕಳ ಕಲ್ಪನೆಗೆ ಕಡಿವಾಣ ಹಾಕಬೇಡಿ’ ಎಂಬ ವಾಕ್ಯದಲ್ಲಿ ಓಟದ ಮೇಲಿನ ಪ್ರೀತಿ ಎದ್ದು ಕಾಣುತ್ತದೆ.

ಮೂರನೆಯ ಹೆಜ್ಜೆ: ವಿಭಕ್ತಿ ಮತ್ತು ಕ್ರಿಯಾಪದ

ಕಡಿವಾಣ ಯಾವುದಕ್ಕೆ ಬೀಳುತ್ತದೋ ಅದು ಚತುರ್ಥಿಯಲ್ಲಿರಬೇಕು: ಕೋಪಕ್ಕೆ, ಆಸೆಗೆ, ಮಾತಿಗೆ. ‘ಕೋಪವನ್ನು ಕಡಿವಾಣ ಹಾಕಿ’ ಎಂಬುದು ತಪ್ಪು. ‘ಖರ್ಚಿನ ಮೇಲೆ ಕಡಿವಾಣ ಹಾಕಲಾಗಿದೆ’ ಎಂಬುದು ಈಚೆಗೆ ಹೆಚ್ಚುತ್ತಿದೆ. ‘ಮೇಲೆ’ ಎಂಬುದು ನಿರ್ಬಂಧಕ್ಕೆ, ತೆರಿಗೆಗೆ ಸರಿ. ಕಡಿವಾಣವನ್ನು ಕುದುರೆಯ ಮೇಲೆ ಹಾಕುವುದಿಲ್ಲ, ಕುದುರೆಗೆ ಹಾಕುತ್ತೇವೆ. ಬರೆಯುವಾಗ ಕೊನೆಯ ಅಕ್ಷರ ‘ಣ’ ಎಂಬುದೂ ನೆನಪಿರಲಿ.

ಕ್ರಿಯಾಪದದಲ್ಲಿ ನಮಗಿರುವ ಆಯ್ಕೆ ದೊಡ್ಡದು, ಆದರೆ ಎಲ್ಲರೂ ‘ಹಾಕು’ ಒಂದನ್ನೇ ಹಿಡಿದುಕೊಂಡಿದ್ದೇವೆ. ಹಾಕುವವರು ಯಾರೆಂದು ಹೇಳಬೇಕಾದರೆ ‘ಹಾಕು’ ಅಥವಾ ‘ತೊಡಿಸು’. ‘ಹಾಕು’ ಒರಟು, ‘ತೊಡಿಸು’ ತುಸು ನಿಧಾನದ ಮಾತು. ಪರಿಸ್ಥಿತಿಯಿಂದ ತಾನಾಗಿ ಆದದ್ದಕ್ಕೆ ‘ಬೀಳು’: ‘ಮಳೆ ಹಿಡಿದು ಸುತ್ತಾಟಕ್ಕೆ ಕಡಿವಾಣ ಬಿತ್ತು.’ ಸದಾ ಇರಬೇಕಾದ ಎಚ್ಚರಕ್ಕೆ ‘ಇರಲಿ’: ‘ಮಾತಿಗೆ ಕಡಿವಾಣವಿರಲಿ.’ ಈ ಕೊನೆಯದು ಆಜ್ಞೆಗಿಂತ ಹಿತವಚನಕ್ಕೆ ಹತ್ತಿರ, ಹಾಗಾಗಿ ಹಿರಿಯರು ಕಿರಿಯರಿಗೆ ಹೇಳಲು ಇದೇ ಚೆನ್ನ.

ಲಗಾಮಿನ ಕ್ರಿಯಾಪದಗಳು ಬೇರೆ, ಏಕೆಂದರೆ ಲಗಾಮು ಇರುವುದು ಕೈಯಲ್ಲಿ. ಅದನ್ನು ಹಿಡಿಯುತ್ತೇವೆ, ಬಿಗಿಹಿಡಿಯುತ್ತೇವೆ, ಜಗ್ಗುತ್ತೇವೆ, ಸಡಿಲಿಸುತ್ತೇವೆ, ಕೈಬಿಡುತ್ತೇವೆ. ಒಮ್ಮೆ ಹಾಕಿ ಮುಗಿಯುವ ಕ್ರಿಯೆಗೆ ಕಡಿವಾಣ, ಹೆಚ್ಚು ಕಡಿಮೆ ಮಾಡುತ್ತ ಮುಂದುವರಿಯುವ ಕ್ರಿಯೆಗೆ ಲಗಾಮು ಎಂದಿಟ್ಟುಕೊಂಡರೆ ಬರಹಕ್ಕೆ ಒಂದು ಖಚಿತತೆ ಬರುತ್ತದೆ. ‘ಹೊಸ ನಿಯಮ ಸಾಲ ನೀಡಿಕೆಗೆ ಕಡಿವಾಣ ಹಾಕಿತು, ವರ್ಷದ ಕೊನೆಗೆ ಬ್ಯಾಂಕು ಲಗಾಮನ್ನು ತುಸು ಸಡಿಲಿಸಿತು’ ಎಂಬಲ್ಲಿ ಎರಡೂ ತಮ್ಮ ತಮ್ಮ ಜಾಗದಲ್ಲಿವೆ. ಇದು ಕಡ್ಡಾಯದ ನಿಯಮವಲ್ಲ, ನನ್ನ ಆಯ್ಕೆ.

‘ಸಡಿಲಿಸು’ ಎಂಬುದರ ಪರವಾಗಿ ಇನ್ನೊಂದು ಮಾತು. ನಮ್ಮ ಬರಹಗಳಲ್ಲಿ ಕಡಿವಾಣ ಹಾಕುವವರು ಎಲ್ಲೆಲ್ಲೂ ಸಿಗುತ್ತಾರೆ, ಸಡಿಲಿಸುವವರು ಅಪರೂಪ. ಸವಾರಿ ಕಲಿತವರಿಗೆ ಇದು ಅರ್ಧ ಕಥೆಯಾಗಿ ಕಾಣುತ್ತದೆ. ಗೃಹಬಂಧನದಂಥ ಶಿಸ್ತಿನಲ್ಲಿ ಬೆಳೆದ ಮಗ, ಒಂದು ವಯಸ್ಸಿನ ನಂತರ ಅಪ್ಪ ಲಗಾಮು ಸಡಿಲಿಸಿದಾಗ ತನ್ನಷ್ಟಕ್ಕೆ ತಾನೇ ದಾರಿ ಹಿಡಿದ ಎಂದು ಬರೆಯಲು ಈ ರೂಪಕದಲ್ಲಿ ಜಾಗವಿದೆ. ಕತೆ ಬರೆಯುವವರು ಅದನ್ನು ಬಳಸಿಕೊಳ್ಳಬೇಕು.

ನಾಲ್ಕನೆಯ ಹೆಜ್ಜೆ: ಇದೇ ಬಳಗದ ಬೇರೆ ಮಾತುಗಳ ಜೊತೆ ಹೋಲಿಸಿ ನೋಡಿ

ಕುದುರೆಗೆ ಕಡಿವಾಣವಾದರೆ ಎತ್ತಿಗೆ ಮೂಗುದಾರ, ಆನೆಗೆ ಅಂಕುಶ. ಮೂರೂ ಹತೋಟಿಯ ಮಾತುಗಳೇ, ಆದರೆ ಒಂದರ ಬದಲು ಇನ್ನೊಂದನ್ನು ಇಟ್ಟರೆ ಭಾವ ಬದಲಾಗುತ್ತದೆ.

ಮೂಗುದಾರ ಮೂಗನ್ನು ಚುಚ್ಚಿ ಪೋಣಿಸುವಂಥದ್ದು, ಒಮ್ಮೆ ಹಾಕಿದರೆ ತೆಗೆಯುವ ಮಾತಿಲ್ಲ. ಕಡಿವಾಣವನ್ನು ಸವಾರಿ ಮುಗಿದ ಮೇಲೆ ಬಿಚ್ಚಿಡುತ್ತಾರೆ. ಆದ್ದರಿಂದ ‘ಮೂಗುದಾರ ಹಾಕು’ ಎಂಬಲ್ಲಿ ಪೂರ್ತಿಯಾಗಿ ಅಧೀನಗೊಳಿಸುವ, ಪಳಗಿಸಿ ದುಡಿಸಿಕೊಳ್ಳುವ ಧ್ವನಿ ಇದೆ. ಅಡ್ಡಾದಿಡ್ಡಿ ತಿರುಗುವ ಹುಡುಗನಿಗೆ ಮದುವೆ ಮಾಡಿ ಮೂಗುದಾರ ಹಾಕುವ ಮಾತು ಮನೆಮನೆಯಲ್ಲೂ ಕೇಳಿಬರುತ್ತದೆ. ಅಲ್ಲಿ ‘ಕಡಿವಾಣ’ ಎಂದರೆ ಸಪ್ಪೆಯಾಗುತ್ತದೆ.

ಅಂಕುಶ ದೊಡ್ಡ ಬಲಕ್ಕೆ ಸಂಬಂಧಿಸಿದ್ದು. ಆನೆಯಷ್ಟು ದೊಡ್ಡ ಪ್ರಾಣಿಯನ್ನು ಮಾವುತ ಒಂದು ಸಣ್ಣ ಕೊಕ್ಕೆಯಿಂದ ಅಂಕೆಯಲ್ಲಿಡುತ್ತಾನೆ. ಹಾಗಾಗಿ ಅಧಿಕಾರ, ಪ್ರಭುತ್ವ, ಅಹಂಕಾರ ಇಂಥವುಗಳ ಪಕ್ಕದಲ್ಲಿ ಅಂಕುಶಕ್ಕೆ ತೂಕ ಹೆಚ್ಚು. ತಡೆಯುವವರಿಲ್ಲದ ಆಳ್ವಿಕೆಯನ್ನು ‘ನಿರಂಕುಶ’ ಎನ್ನುವುದು ಇದರಿಂದಲೇ. ‘ಅಧಿಕಾರಕ್ಕೆ ಸಂವಿಧಾನವೇ ಅಂಕುಶ’ ಎಂಬುದು ‘ಸಂವಿಧಾನವೇ ಕಡಿವಾಣ’ ಎಂಬುದಕ್ಕಿಂತ ಗಂಭೀರವಾಗಿ ಕೇಳಿಸುತ್ತದೆ. ಬರವಣಿಗೆ ಔಪಚಾರಿಕವಾದಷ್ಟೂ ಅಂಕುಶ ಹೊಂದುತ್ತದೆ, ಆಡುಮಾತಿಗೆ ಹತ್ತಿರವಾದಷ್ಟೂ ಮೂಗುದಾರ. ಕಡಿವಾಣ ನಡುವಿನದು. ಲಗಾಮು ಬರಹಕ್ಕಿಂತ ಮಾತಿನಲ್ಲಿ ಸಲೀಸು.

‘ಲಂಗುಲಗಾಮು’ ಎಂಬ ಜೋಡಿ ಮಾತಿಗೊಂದು ವಿಶೇಷವಿದೆ: ಅದು ‘ಇಲ್ಲ’ ಎಂಬುದರ ಜೊತೆಗೇ ಬದುಕುತ್ತದೆ. ‘ಲಂಗುಲಗಾಮಿಲ್ಲದೆ ಮಾತಾಡಿದ’, ‘ಲಂಗುಲಗಾಮಿಲ್ಲದ ಖರ್ಚು’ ಎನ್ನುತ್ತೇವೆಯೇ ಹೊರತು ‘ಲಂಗುಲಗಾಮು ಹಾಕಿದ’ ಎನ್ನುವುದಿಲ್ಲ. ಬರೆಯುವಾಗ ಎರಡನ್ನೂ ಸೇರಿಸಿಯೇ ಬರೆಯಿರಿ, ನಡುವೆ ಬಿಡಿಸಿದರೆ ಲಂಗು ಬೇರೆಯಾಗಿ ನಿಂತು ಓದುಗರನ್ನು ತಬ್ಬಿಬ್ಬು ಮಾಡುತ್ತದೆ.

ಪ್ರಾಣಿಗಳ ಗೊಡವೆಯೇ ಬೇಡವೆಂದರೆ ಅಂಕೆ, ಹತೋಟಿ, ಹಿಡಿತ, ಮಿತಿ, ಹದ್ದುಬಸ್ತು ಇವೆ. ಇವುಗಳಲ್ಲಿ ‘ಅಂಕೆ’ ನನಗೆ ಬಹಳ ಇಷ್ಟ. ಅಂಕೆಯಲ್ಲಿಡು, ಅಂಕೆ ಮೀರು, ಅಂಕೆಗೆ ಸಿಗದ, ಎಷ್ಟೊಂದು ಸಹಜವಾಗಿ ಹೊರಳುತ್ತದೆ! ‘ಹದ್ದುಬಸ್ತಿನಲ್ಲಿಡು’ ಎಂಬುದರಲ್ಲಿ ಗಡಿ ಹಾಕಿದ ಭಾವ ಹೆಚ್ಚು, ಒಂದು ತಂಡವನ್ನೋ ತರಗತಿಯನ್ನೋ ಕುರಿತು ಹೇಳಲು ಚೆನ್ನ. ‘ಬ್ರೇಕ್ ಹಾಕು’ ಎಂಬುದು ಈಗ ಎಲ್ಲರ ಬಾಯಲ್ಲಿದೆ. ಪೂರ್ತಿ ನಿಲ್ಲಿಸಿದ್ದಕ್ಕೂ ತಾತ್ಕಾಲಿಕವಾಗಿ ತಡೆದದ್ದಕ್ಕೂ ಅದು ಸಲ್ಲುತ್ತದೆ.

ಐದನೆಯ ಹೆಜ್ಜೆ: ಕಡಿವಾಣ ಯಾರಿಗೆ, ಹಿಡಿದವರು ಯಾರು?

ಈ ನುಡಿಗಟ್ಟಿನಲ್ಲಿ ಯಾವಾಗಲೂ ಇಬ್ಬರಿದ್ದಾರೆ: ಸವಾರ ಮತ್ತು ಕುದುರೆ. ಸ್ವಂತಕ್ಕೆ ಬಳಸಿದಾಗ ಇಬ್ಬರೂ ನಾವೇ. ‘ನನ್ನ ಕೋಪಕ್ಕೆ ನಾನೇ ಕಡಿವಾಣ ಹಾಕಿಕೊಂಡೆ’ ಎಂಬಲ್ಲಿ ‘ಕೊಂಡೆ’ ಎಂಬ ಆತ್ಮಾರ್ಥಕ ರೂಪ ಅಗತ್ಯ. ಅದಿಲ್ಲದಿದ್ದರೆ ವಾಕ್ಯ ಕುಂಟುತ್ತದೆ. ಈ ಬಳಕೆ ಬಹಳ ಹಳೆಯ ಚಿಂತನೆಗೆ ಹೊಂದಿಕೊಂಡದ್ದು. ಕಠೋಪನಿಷತ್ತಿನಲ್ಲಿ ದೇಹವೇ ರಥ, ಬುದ್ಧಿಯೇ ಸಾರಥಿ, ಮನಸ್ಸೇ ಲಗಾಮು, ಇಂದ್ರಿಯಗಳೇ ಕುದುರೆಗಳು. ಅಲ್ಲಿಯೂ ಕುದುರೆಗಳನ್ನು ಬಿಚ್ಚಿ ಲಾಯದಲ್ಲಿ ಕಟ್ಟಿಹಾಕಲು ಹೇಳಿಲ್ಲ. ಅವು ಎಳೆಯದೆ ರಥ ದಾರಿಯ ಕೊನೆ ಮುಟ್ಟುವಂತಿಲ್ಲ. ನಾನು ಮೊದಲಿನಿಂದ ಹೇಳುತ್ತಿರುವ ಅರ್ಥಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಬೇರೆಯವರಿಗೆ ಬಳಸುವಾಗ ಎಚ್ಚರ ಬೇಕು. ವ್ಯಕ್ತಿಗೆ ಕಡಿವಾಣ ಹಾಕುವುದಕ್ಕೂ ವ್ಯಕ್ತಿಯ ಒಂದು ನಡತೆಗೆ ಹಾಕುವುದಕ್ಕೂ ಬಹಳ ಅಂತರ. ‘ಅವನ ಸಿಟ್ಟಿಗೆ ಕಡಿವಾಣ ಹಾಕಬೇಕು’ ಎಂದರೆ ಸಿಟ್ಟು ಕುದುರೆ, ಅವನು ಮನುಷ್ಯನಾಗಿಯೇ ಉಳಿಯುತ್ತಾನೆ. ‘ಅವನಿಗೆ ಕಡಿವಾಣ ಹಾಕಬೇಕು’ ಎಂದ ಕೂಡಲೇ ಅವನೇ ಪ್ರಾಣಿಯಾದ. ಜಗಳದಲ್ಲಿ ಬೇಕೆಂದೇ ಹಾಗೆನ್ನಬಹುದು, ವರದಿಯಲ್ಲಿ ಬೇಡ. ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಮಾತು ತುಂಬ ನೋವು ಮಾಡಿದೆ. ‘ಹುಡುಗಿಗೆ ಈಗಲೇ ಕಡಿವಾಣ ಹಾಕಿ’, ‘ಹೆಂಡತಿಗೆ ಮೂಗುದಾರ ಹಾಕು’ ಎಂಬ ಮಾತುಗಳು ಸಲೀಸಾಗಿ ಆಡಿದಂತೆ ಕಂಡರೂ, ಅವು ಯಾರದೋ ಓದನ್ನು, ಓಡಾಟವನ್ನು, ಉದ್ಯೋಗವನ್ನು ನಿಲ್ಲಿಸುವ ತೀರ್ಮಾನದ ಜೊತೆಗೇ ಬರುತ್ತವೆ. ಪಾತ್ರದ ಬಾಯಲ್ಲಿ ಬರಬೇಕಾದರೆ ಬರಲಿ, ಅದು ಆ ಪಾತ್ರ ಎಂಥದ್ದೆಂದು ತೋರಿಸುತ್ತದೆ. ಬರಹಗಾರರ ಸ್ವಂತ ದನಿಯಲ್ಲಿ ಅದಕ್ಕೆ ಜಾಗವಿಲ್ಲ.

ಹಿರಿಯರಿಗೆ ನೇರವಾಗಿ ‘ನಾಲಿಗೆಗೆ ಕಡಿವಾಣ ಹಾಕಿ’ ಎಂದರೆ ಬಹುವಚನವಿದ್ದರೂ ಅದು ಬೈಗುಳವೇ. ಅದೇ ಭಾವವನ್ನು ‘ಮಾತು ಸ್ವಲ್ಪ ನೋಡಿ ಆಡಿದರೆ ಒಳ್ಳೆಯದಿತ್ತು’ ಎಂದೋ ‘ಅಷ್ಟು ದೂರ ಹೋಗುವುದು ಬೇಡವಾಗಿತ್ತು’ ಎಂದೋ ಹೇಳಬಹುದು. ಓರಗೆಯ ಗೆಳೆಯರ ನಡುವೆ ‘ಲಗಾಮು ಹಿಡಿಯೋ ಮಾರಾಯ’ ಎಂದರೆ ಯಾರೂ ಬೇಸರಪಡುವುದಿಲ್ಲ.

ಆರನೆಯ ಹೆಜ್ಜೆ: ಇಂಗ್ಲಿಷಿನಿಂದ ತರುವಾಗ

ಇಂಗ್ಲಿಷಿನಲ್ಲಿ ಕುದುರೆಯ ನುಡಿಗಟ್ಟುಗಳು ರಾಶಿ ಇವೆ, ಎಲ್ಲಕ್ಕೂ ಕಡಿವಾಣವೇ ಉತ್ತರವಲ್ಲ. ‘ಹೋಲ್ಡ್ ಯುವರ್ ಹಾರ್ಸಸ್’ ಎಂಬುದು ಅವಸರ ಮಾಡುವವರಿಗೆ ಹೇಳುವ ಮಾತು. ಕನ್ನಡದಲ್ಲಿ ‘ಸ್ವಲ್ಪ ತಾಳಪ್ಪ’, ‘ಇರು ಇರು’, ‘ಅವಸರ ಬೇಡ’ ಎಂದರೆ ಸಾಕು, ಕುದುರೆಯನ್ನು ಎಳೆದು ತರಬೇಕಿಲ್ಲ. ‘ರೀನ್ ಇನ್’ ಎಂಬುದಕ್ಕೆ ಕಡಿವಾಣ ಹಾಕು, ಅಂಕೆಗೆ ತರು ಎರಡೂ ಸರಿ. ‘ಫ್ರೀ ರೀನ್’ ಕೊಡುವುದೆಂದರೆ ಪೂರ್ತಿ ಸ್ವಾತಂತ್ರ್ಯ ಕೊಡುವುದು, ಇಷ್ಟಕ್ಕೆ ಬಿಡುವುದು; ‘ಮುಕ್ತ ಲಗಾಮು ನೀಡಿದರು’ ಎಂಬ ಅನುವಾದ ಕೃತಕವಾಗಿ ಕೇಳುತ್ತದೆ.

ಅಧಿಕಾರ ವಹಿಸಿಕೊಳ್ಳುವುದಕ್ಕೆ ಇಂಗ್ಲಿಷು ಲಗಾಮು ಹಿಡಿಯುತ್ತದೆ, ಕನ್ನಡ ದೋಣಿ ಹತ್ತುತ್ತದೆ. ನಾವು ಪಕ್ಷದ ಚುಕ್ಕಾಣಿ ಹಿಡಿಯುತ್ತೇವೆ, ಸಂಸ್ಥೆಯ ಚುಕ್ಕಾಣಿ ಹಿಡಿಯುತ್ತೇವೆ. ‘ಹೊಸ ಅಧ್ಯಕ್ಷರು ಸಂಸ್ಥೆಯ ಲಗಾಮು ಹಿಡಿದರು’ ಎಂದು ಬರೆದರೆ ಓದುಗರಿಗೆ ಅರ್ಥವಾಗುತ್ತದೆ, ಆದರೆ ಸಂಸ್ಥೆ ಅಂಕೆ ತಪ್ಪಿತ್ತೇನೋ, ಅದನ್ನು ಹತೋಟಿಗೆ ತರಲು ಬಂದರೇನೋ ಎಂಬ ಅನುಮಾನ ಹುಟ್ಟುತ್ತದೆ. ಆ ಅರ್ಥವೇ ಬೇಕಿದ್ದರೆ ಲಗಾಮು ಬಳಸಿ, ಇಲ್ಲವಾದರೆ ಚುಕ್ಕಾಣಿ.

ಕೊನೆಯ ಹೆಜ್ಜೆ: ಬರೆದದ್ದನ್ನು ತಿದ್ದುವುದು

ಬರಹ ಮುಗಿದ ಮೇಲೆ ‘ಕಡಿವಾಣ’ ಎಂದು ಹುಡುಕಿ ನೋಡಿ. ಒಂದು ಪುಟದ ಲೇಖನದಲ್ಲಿ ಎರಡು ಸಲಕ್ಕಿಂತ ಹೆಚ್ಚು ಬಂದಿದ್ದರೆ ಒಂದನ್ನಾದರೂ ತೆಗೆಯಿರಿ. ನಂತರ ಅದರ ಹಿಂದು ಮುಂದೆ ಅಂಟಿಕೊಂಡ ಹೊಟ್ಟನ್ನು ಕೊಡವಿ. ಕಚೇರಿಯ ಕನ್ನಡದಲ್ಲಿ ಇದು ಹೀಗೆ ಬರುತ್ತದೆ: ‘ಅನಗತ್ಯ ವೆಚ್ಚಗಳಿಗೆ ಕಡಿವಾಣ ಹಾಕುವ ನಿಟ್ಟಿನಲ್ಲಿ ಅಗತ್ಯ ಕ್ರಮಗಳನ್ನು ಕೈಗೊಳ್ಳಲಾಗುವುದು.’ ಇದರಲ್ಲಿ ಯಾರು ಏನು ಮಾಡುತ್ತಾರೆಂಬುದೇ ಇಲ್ಲ. ಕುದುರೆ ಇದೆ, ಕಡಿವಾಣವೂ ಇದೆ, ಸವಾರ ಮಾತ್ರ ನಾಪತ್ತೆ. ಅಲ್ಲದೆ ಅನಗತ್ಯ ಎಂದು ಒಪ್ಪಿಕೊಂಡ ವೆಚ್ಚವನ್ನು ಹದದಲ್ಲಿಡುವುದೇಕೆ, ಕೈಬಿಡಬಾರದೇ? ‘ಇಲಾಖೆ ಅನಗತ್ಯ ವೆಚ್ಚ ನಿಲ್ಲಿಸಲಿದೆ, ಪ್ರವಾಸದ ವೆಚ್ಚಕ್ಕೆ ಕಡಿವಾಣ ಹಾಕಲಿದೆ’ ಎಂದು ತಿದ್ದಿದರೆ ಎರಡು ಬೇರೆ ಕೆಲಸಗಳು ಬೇರೆಯಾಗಿ ಕಾಣುತ್ತವೆ, ಮಾಡುವವರು ಯಾರೆಂದೂ ತಿಳಿಯುತ್ತದೆ.

ಇನ್ನೊಂದು ವಾಕ್ಯ: ‘ಸುಳ್ಳು ಸುದ್ದಿಗಳ ಮಹಾಪೂರಕ್ಕೆ ಕಡಿವಾಣ ಹಾಕಲು ಹೊಸ ಕಾನೂನಿನ ಅಸ್ತ್ರ.’ ಪೂರ ನೀರಿನದು, ಕಡಿವಾಣ ಕುದುರೆಯದು, ಅಸ್ತ್ರ ಯುದ್ಧದ್ದು. ಒಂದನ್ನು ಉಳಿಸಿಕೊಂಡು ಎರಡನ್ನು ಬಿಡಬೇಕು. ಸುಳ್ಳು ಸುದ್ದಿ ಉಳಿಯಬೇಕಾದ್ದಲ್ಲವಾದ್ದರಿಂದ ಕಡಿವಾಣವನ್ನೇ ಮೊದಲು ಬಿಡುತ್ತೇನೆ: ‘ಸುಳ್ಳು ಸುದ್ದಿ ತಡೆಗೆ ಹೊಸ ಕಾನೂನು.’ ರೂಪಕ ಬೇಕೇ ಬೇಕೆಂದರೆ ‘ಸುಳ್ಳು ಸುದ್ದಿಯ ಮಹಾಪೂರಕ್ಕೆ ಕಾನೂನಿನ ಒಡ್ಡು’ ಎನ್ನಬಹುದು. ನೀರಿನ ಚಿತ್ರ ಪೂರ್ತಿಯಾಗುತ್ತದೆ.

ತಲೆಬರಹಕ್ಕೆ ಜಾಗ ಕಡಿಮೆ, ಕಡಿವಾಣ ನಾಲ್ಕೇ ಅಕ್ಷರ, ಹಾಗಾಗಿ ಬಳಸುತ್ತೇವೆ ಎಂಬ ವಾದವನ್ನು ಪತ್ರಿಕೆಯ ಗೆಳೆಯರು ಮುಂದಿಡುತ್ತಾರೆ. ಅದು ನ್ಯಾಯವಾದ ಕಷ್ಟವೇ. ಆದರೆ ಅಂಕೆ, ತಡೆ, ಮಿತಿ, ಕೊನೆ ಎಲ್ಲವೂ ಎರಡೆರಡು ಅಕ್ಷರದವು. ಅಷ್ಟೇ ಅಲ್ಲ, ನಾಲ್ಕಕ್ಕೂ ಅರ್ಥ ಬೇರೆ ಬೇರೆ: ವೇಗವನ್ನು ಇಂತಿಷ್ಟೇ ಎಂದು ಗೊತ್ತುಪಡಿಸಿದ್ದರೆ ಮಿತಿ, ಪಿಡುಗನ್ನು ಮುಗಿಸಿದ್ದರೆ ಕೊನೆ, ಮುಂದೆ ಆಗದಂತೆ ನೋಡಿಕೊಂಡರೆ ತಡೆ, ಕೈಮೀರಿದ್ದನ್ನು ಮತ್ತೆ ಹಿಡಿತಕ್ಕೆ ತಂದರೆ ಅಂಕೆ.